ಅಂಗವೈಕಲ್ಯ ಮತ್ತು ಬದುಕಿನ ಗುಣಮಟ್ಟ: ಸಂಶೋಧನೆಯ ಹಾದಿಯ ಪ್ರಶ್ನೆಗಳು

ಅಂಗವೈಕಲ್ಯ ಇರುವವರ ಬದುಕನ್ನು ಹಸನುಗೊಳಿಸುವ ಕುರಿತು ಸ್ನಾತಕೋತ್ತರ ಹಾಗೂ ಪಿಎಚ್‌.ಡಿ. ಮಟ್ಟದಲ್ಲಿ ಸಂಶೋಧನೆ ಕೈಗೊಂಡಿರುವ ವಿದ್ಯಾರ್ಥಿಗಳಿಂದಲೂ, ಅಂತಹ ಸಂಶೋಧನೆಗಳಿಗೆ ಮಾಹಿತಿ ನೀಡಿದ ಕುಟುಂಬಗಳಿಂದಲೂ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳು ದೀರ್ಘವಾಗಿದ್ದುದರಿಂದ ಪ್ರಶ್ನೆಯ ಭಾಗವನ್ನಷ್ಟೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ಸಮಾಜಕಾರ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ‘ಅಂಗವಿಕಲರ ಜೀವನ ಗುಣಮಟ್ಟದ ಸುಧಾರಣೆ’ ಎಂಬ ವಿಷಯವನ್ನು ಪ್ರಬಂಧಕ್ಕೆ ಆರಿಸಿಕೊಂಡಾಗ ಮಾರ್ಗದರ್ಶಕರು, ವಿಷಯದ ಹರವು ತೀರಾ ದೊಡ್ಡದಾಯಿತು, ಕಿರಿದು ಮಾಡಿಕೊಂಡು ಬನ್ನಿ ಎಂದರು. ಯಾವುದನ್ನು ಬಿಡಲಿ, ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ: ನಿಮ್ಮ ಮಾರ್ಗದರ್ಶಕರ ಮಾತು ಸರಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಸರಿಸುಮಾರು ಆರು ಮಂದಿಯಲ್ಲಿ ಒಬ್ಬರಿಗೆ, ಗಣನೀಯ ಪ್ರಮಾಣದ ಅಂಗವೈಕಲ್ಯವಿದೆ. ಹುಟ್ಟಿನಿಂದಲೇ ಕಿವಿ ಕೇಳಿಸದ ಹುಡುಗಿ, ಅರವತ್ತು ದಾಟಿದ ಮೇಲೆ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿದ ಹಿರಿಯರು, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದ ಯುವಕ, ಇವರೆಲ್ಲರೂ ಆ ಒಂದೇ ಸಂಖ್ಯೆಯೊಳಗೆ ಸೇರಿದ್ದಾರೆ. ಇಷ್ಟೂ ಬದುಕುಗಳನ್ನು ಒಂದು ಪ್ರಬಂಧದಲ್ಲಿ ಹಿಡಿಯಲು ಹೊರಟರೆ ಯಾರ ಬಗ್ಗೆಯೂ ಖಚಿತವಾದ ಮಾತು ಹೇಳಲಾಗುವುದಿಲ್ಲ.

ವಿಷಯವನ್ನು ಕಿರಿದು ಮಾಡಿಕೊಳ್ಳುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ವೈಕಲ್ಯದ ಬಗೆಯನ್ನು ಆರಿಸಿಕೊಳ್ಳುತ್ತಾರೆ: ‘ದೃಷ್ಟಿದೋಷ ಇರುವವರು’, ‘ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ದೇಹದ ಚಲನೆ ಹಿಡಿತ ತಪ್ಪುವ ಸ್ಥಿತಿ) ಇರುವ ಮಕ್ಕಳು’ ಎಂಬಂತೆ. ಅದರಲ್ಲಿ ತಪ್ಪಿಲ್ಲವಾದರೂ, ದಿನನಿತ್ಯದ ಒಂದು ಕೆಲಸವನ್ನು ಆರಿಸಿಕೊಂಡು ಆ ಕೆಲಸಕ್ಕೆ ಎಲ್ಲಿ ತಡೆ ಬೀಳುತ್ತಿದೆ ಎಂದು ನೋಡುವುದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗೀಕರಿಸಿದ, ಕಾರ್ಯನಿರ್ವಹಣೆ, ಅಂಗವೈಕಲ್ಯ ಮತ್ತು ಆರೋಗ್ಯದ ಅಂತರರಾಷ್ಟ್ರೀಯ ವರ್ಗೀಕರಣವೂ ಇದಕ್ಕೆ ಅನುವು ಮಾಡಿಕೊಡುತ್ತದೆ. ದೇಹದ ರಚನೆ ಮತ್ತು ಕಾರ್ಯಗಳು, ವ್ಯಕ್ತಿ ಮಾಡುವ ಚಟುವಟಿಕೆ, ಸಮಾಜದಲ್ಲಿ ಅವರ ಭಾಗವಹಿಸುವಿಕೆ, ಸುತ್ತಲಿನ ಪರಿಸರ, ವೈಯಕ್ತಿಕ ಹಿನ್ನೆಲೆ, ಇವೆಲ್ಲವೂ ಸೇರಿ ಅಂಗವೈಕಲ್ಯದ ಅನುಭವವನ್ನು ರೂಪಿಸುತ್ತವೆ ಎಂಬುದು ಅದರ ತಿರುಳು. ಹೀಗೆ ನೋಡಿದಾಗ ದೇಹದಲ್ಲಿ ಏನೂ ಬದಲಾಗದಿದ್ದರೂ ಪರಿಸರ ಬದಲಾದರೆ ಬದುಕು ಬದಲಾಗುವ ಜಾಗಗಳು ಕಣ್ಣಿಗೆ ಬೀಳುತ್ತವೆ.

ಗಾಲಿಕುರ್ಚಿ ಬಳಸುವವರು ಹೊರಗೆ ಹೋಗುವ ಸಂಗತಿಯನ್ನೇ ನೋಡಿ. ಹೋದ ಕಡೆ ತಮಗೆ ಬಳಸಲಾಗುವಂತಹ ಶೌಚಾಲಯ ಇರುತ್ತದೆಂಬ ಭರವಸೆ ಇಲ್ಲದಿದ್ದರೆ ಅನೇಕರು ಬೆಳಗಿನಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿರುವವರಿಗೆ ಮೂತ್ರನಾಳದ ಸೋಂಕು ಮೊದಲೇ ಹೆಚ್ಚು, ನೀರು ಕಡಿಮೆಯಾದರೆ ಅಪಾಯ ಇನ್ನೂ ಏರುತ್ತದೆ. ಕೊನೆಗೆ ಹೊರಗೆ ಹೋಗುವುದೇ ಬೇಡವೆನಿಸುತ್ತದೆ. ರ್‍ಯಾಂಪ್‌ನ ಕಥೆಯೂ ಇಂಥದ್ದೇ. ಒಂದಕ್ಕೆ ಹನ್ನೆರಡರ ಇಳಿಜಾರು ಎಂಬುದು ವ್ಯಾಪಕವಾಗಿ ಒಪ್ಪಿಕೊಂಡಿರುವ ಮಾನದಂಡ, ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ 180 ಸೆಂ.ಮೀ. ಉದ್ದದ ಇಳಿಜಾರು ಬೇಕು, ಅಂತಹ ಮೂರು ಮೆಟ್ಟಿಲುಗಳಿಗೆ 540 ಸೆಂ.ಮೀ. ಬೇಕು. ಜಾಗವಿಲ್ಲವೆಂದು ಅದರ ಅರ್ಧದಷ್ಟೇ ಉದ್ದಕ್ಕೆ ಕಟ್ಟಿದ ರ್‍ಯಾಂಪ್ ದಾಖಲೆಯಲ್ಲಿ ‘ಸೌಲಭ್ಯ ಇದೆ’ ಎಂದು ಸೇರಿಕೊಳ್ಳುತ್ತದೆ, ಆದರೆ ತನ್ನ ತೋಳಿನ ಬಲದಿಂದಲೇ ಗಾಲಿ ತಳ್ಳಿಕೊಂಡು ಬರುವವರು ಅದನ್ನು ಹತ್ತಲಾರರು. ಒಂದು ಪ್ರದೇಶದ ಸಾರ್ವಜನಿಕ ಕಟ್ಟಡಗಳ ರ್‍ಯಾಂಪ್‌ಗಳನ್ನು ಟೇಪು ಹಿಡಿದು ಅಳೆದು, ಅವುಗಳನ್ನು ಬಳಸುವವರನ್ನು ಮಾತನಾಡಿಸಿ, ಇದ್ದೂ ಇಲ್ಲದಂತಾಗಿರುವ ಸೌಲಭ್ಯದಿಂದ ಅವರು ಯಾವ ಓಡಾಟಗಳನ್ನು ಕೈಬಿಟ್ಟಿದ್ದಾರೆಂದು ದಾಖಲಿಸಿದರೆ ಅದೇ ಒಂದು ಗಟ್ಟಿಯಾದ ಸ್ನಾತಕೋತ್ತರ ಪ್ರಬಂಧವಾಗುತ್ತದೆ.

ಪ್ರಸ್ತಾವನೆ ಬರೆಯುವ ಮೊದಲು ಕೆಲವರ ಬಳಿ ಪ್ರಶ್ನಾವಳಿ ಇಲ್ಲದೆ ಕುಳಿತು, ನಿನ್ನೆ ಎದ್ದಾಗಿನಿಂದ ಮಲಗುವ ತನಕ ದಿನ ಹೇಗೆ ಕಳೆಯಿತು, ಎಲ್ಲೆಲ್ಲಿ ಇನ್ನೊಬ್ಬರ ನೆರವಿಗಾಗಿ ಕಾಯಬೇಕಾಯಿತು ಎಂದು ಕೇಳಿ ನೋಡಿ. ನಿಮ್ಮ ವಿಷಯ ಆ ಮಾತುಕತೆಯಲ್ಲೇ ಸಿಗುತ್ತದೆ.

ಪ್ರಶ್ನೆ: ನನ್ನ ಅಧ್ಯಯನದಲ್ಲಿ ಬೆನ್ನುಹುರಿಯ ಗಾಯದಿಂದ ನಡೆಯಲಾಗದ ಹಲವರು ತಮ್ಮ ಜೀವನದ ಗುಣಮಟ್ಟ ‘ಚೆನ್ನಾಗಿದೆ’ ಎಂದು ಉತ್ತರಿಸಿದ್ದಾರೆ. ಅವರ ಸ್ಥಿತಿಯನ್ನು ನೋಡಿದರೆ ಇದು ನಂಬಲು ಕಷ್ಟ. ಸಹಪಾಠಿಗಳು ಮಾಹಿತಿಯೇ ತಪ್ಪಿರಬೇಕು ಎನ್ನುತ್ತಾರೆ. ಈ ಉತ್ತರಗಳನ್ನು ಕೈಬಿಡಬಹುದೇ?

ಉತ್ತರ: ದಯವಿಟ್ಟು ಕೈಬಿಡಬೇಡಿ. ಇಡೀ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದ ಫಲಿತಾಂಶಗಳಲ್ಲೊಂದು ನಿಮ್ಮ ಕೈಗೂ ಸಿಕ್ಕಿದೆ. ಗ್ಯಾರಿ ಆಲ್ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡೆವ್ಲಿಗರ್ ಎಂಬ ಸಂಶೋಧಕರು 153 ಮಂದಿ ಅಂಗವಿಕಲರನ್ನು ಸಂದರ್ಶಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರವಾದ ಅಂಗವೈಕಲ್ಯ ಇರುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಜೀವನದ ಗುಣಮಟ್ಟ ಉತ್ತಮ ಅಥವಾ ಅತ್ಯುತ್ತಮ ಎಂದು ಹೇಳಿದ್ದರು. ಹೊರಗಿನವರ ಊಹೆಗೂ ಅನುಭವಿಸುವವರ ಮಾತಿಗೂ ಇರುವ ಈ ಅಂತರವನ್ನು ಅವರು ‘ಅಂಗವೈಕಲ್ಯದ ವಿರೋಧಾಭಾಸ’ ಎಂದು ಕರೆದರು.

ಇದಕ್ಕೆ ಕಾರಣಗಳು ಹಲವು. ಕಾಲ ಕಳೆದಂತೆ ಮನುಷ್ಯನ ಒಳಗಿನ ಅಳತೆಗೋಲೇ ಬದಲಾಗುತ್ತದೆ. ಮೊದಲು ಮುಖ್ಯವೆನಿಸಿದ್ದು ಹಿಂದೆ ಸರಿದು, ಸ್ನೇಹ, ಕುಟುಂಬ, ಕೆಲಸದಲ್ಲಿನ ಗೌರವ ಮುಂದೆ ಬರುತ್ತವೆ. ಹೀಗಾಗಿ ಗಾಯವಾದ ಹೊಸತರಲ್ಲಿ ಕೊಟ್ಟ ಅಂಕವನ್ನೂ ಐದು ವರ್ಷದ ನಂತರ ಕೊಟ್ಟ ಅಂಕವನ್ನೂ ನೇರವಾಗಿ ಹೋಲಿಸುವಾಗ ಎಚ್ಚರ ಬೇಕು. ಗಾಯವಾಗಿ ಎಷ್ಟು ಕಾಲವಾಯಿತೆಂಬ ಪ್ರಶ್ನೆ ನಿಮ್ಮ ಪ್ರಶ್ನಾವಳಿಯಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನವೂ, ತಾನು ಬದುಕುವ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ, ತನ್ನ ಗುರಿ, ನಿರೀಕ್ಷೆ, ಕಾಳಜಿಗಳಿಗೆ ಅನುಗುಣವಾಗಿ ವ್ಯಕ್ತಿಯು ತನ್ನ ಬದುಕಿನ ಸ್ಥಿತಿಯನ್ನು ಹೇಗೆ ಕಾಣುತ್ತಾನೆ ಎಂಬುದನ್ನೇ ಜೀವನದ ಗುಣಮಟ್ಟ ಎನ್ನುತ್ತದೆ. ನೋಡುವ ಕಣ್ಣು ಅವರದ್ದೇ ಆಗಿರಬೇಕು, ನಿಮ್ಮ ಸಹಪಾಠಿಗಳದ್ದಲ್ಲ.

ಇನ್ನೊಂದು ಕಡೆಯಿಂದಲೂ ಪರಿಶೀಲನೆ ಅಗತ್ಯ. ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಎಫ್-36 ಎಂಬ ಆರೋಗ್ಯ ಪ್ರಶ್ನಾವಳಿ ಮೆಟ್ಟಿಲು ಹತ್ತುವುದು, ಒಂದಿಷ್ಟು ದೂರ ನಡೆಯುವುದು ಕಷ್ಟವೇ ಎಂದು ಕೇಳುತ್ತದೆ. ಗಾಲಿಕುರ್ಚಿಯಲ್ಲಿ ದಿನವೂ ಕಚೇರಿಗೆ ಹೋಗಿಬರುವವರಿಗೂ, ಕೋಣೆಯಿಂದ ಹೊರಬರಲಾಗದವರಿಗೂ ಅಲ್ಲಿ ಒಂದೇ ಕೆಳಮಟ್ಟದ ಅಂಕ ಬೀಳುತ್ತದೆ. ಇಬ್ಬರ ಬದುಕಿನ ನಡುವಿನ ವ್ಯತ್ಯಾಸ ಪ್ರಶ್ನಾವಳಿಗೆ ಕಾಣುವುದೇ ಇಲ್ಲ. ದೈಹಿಕ, ಮಾನಸಿಕ, ಸಾಮಾಜಿಕ ಸಂಬಂಧ ಮತ್ತು ಪರಿಸರ ಎಂಬ ನಾಲ್ಕು ವಿಭಾಗಗಳಿದ್ದು ಒಟ್ಟು 26 ಪ್ರಶ್ನೆಗಳಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಿರು ಪ್ರಶ್ನಾವಳಿ ಈ ದೃಷ್ಟಿಯಿಂದ ಮೇಲು. ಅದರಲ್ಲೂ ಒಟ್ಟು ಅಂಕವೊಂದನ್ನೇ ಹಿಡಿದುಕೊಳ್ಳದೆ ವಿಭಾಗವಾರು ನೋಡಿ. ಮಾನಸಿಕ ವಿಭಾಗದಲ್ಲಿ ಒಳ್ಳೆಯ ಅಂಕ ಕೊಟ್ಟವರೇ ಸಾರಿಗೆ, ಹಣ, ಆರೋಗ್ಯ ಸೇವೆಗಳನ್ನು ಒಳಗೊಂಡ ಪರಿಸರ ವಿಭಾಗದಲ್ಲಿ ಕಡಿಮೆ ಕೊಟ್ಟಿದ್ದರೆ, ಎಲ್ಲಿ ಕೆಲಸವಾಗಬೇಕೆಂಬುದನ್ನು ಅವರೇ ನಿಮಗೆ ತೋರಿಸಿದಂತಾಯಿತು. ‘ಚೆನ್ನಾಗಿದ್ದೇನೆ’ ಎಂದವರಿಗೆ ಇನ್ನು ಯಾವ ಸೌಲಭ್ಯವೂ ಬೇಡ ಎಂಬ ತೀರ್ಮಾನಕ್ಕೆ ನಿಮ್ಮ ಪ್ರಬಂಧ ಆಧಾರವಾಗದಂತೆ ನೋಡಿಕೊಳ್ಳುವ ಹೊಣೆಯೂ ನಿಮ್ಮದೇ.

ಪ್ರಶ್ನೆ: ನಾವು ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿಗಳು. ಅಂಧರಿಗಾಗಿ ಶ್ರವಣಾತೀತ ತರಂಗಗಳಿಂದ ಅಡೆತಡೆ ಗುರುತಿಸಿ ಬೀಪ್ ಸದ್ದು ಮಾಡುವ ‘ಸ್ಮಾರ್ಟ್’ ಬಿಳಿ ಕೋಲನ್ನು ತಯಾರಿಸಿದ್ದೇವೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸಹಪಾಠಿಗಳ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಬಹಳ ಚೆನ್ನಾಗಿತ್ತು. ಮುಂದೆ ಏನು ಮಾಡಬೇಕು?

ಉತ್ತರ: ನಿಮ್ಮ ಶ್ರಮದ ಬಗ್ಗೆ ಗೌರವವಿದೆ, ಆದ್ದರಿಂದಲೇ ನೇರವಾಗಿ ಹೇಳುತ್ತೇನೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರ ಮೇಲೆ ನಡೆಸಿದ ಪರೀಕ್ಷೆಯಿಂದ ಅಂಧರಿಗೆ ಈ ಕೋಲು ಉಪಯುಕ್ತವೆಂದು ಸಾಬೀತಾಗುವುದಿಲ್ಲ. ದಿಢೀರನೆ ಕತ್ತಲಾದವನು ಗಾಬರಿಯಿಂದ ಹೆಜ್ಜೆಯಿಡುತ್ತಾನೆ, ಯಾವ ಸದ್ದು ಸಿಕ್ಕರೂ ಅದನ್ನೇ ನೆಚ್ಚಿಕೊಳ್ಳುತ್ತಾನೆ. ವರ್ಷಗಟ್ಟಲೆ ಕೋಲು ಹಿಡಿದು ಓಡಾಡಿದವರ ಕೌಶಲವೇ ಬೇರೆ.

ಆ ಕೌಶಲವನ್ನು ಹತ್ತಿರದಿಂದ ನೋಡಿ. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ರೂಪಿಸಿದ ಉದ್ದ ಕೋಲಿನ ವಿಧಾನದಲ್ಲಿ, ಕೋಲಿನ ತುದಿ ಭುಜಗಳಿಗಿಂತ ತುಸು ಅಗಲಕ್ಕೆ ಎಡಕ್ಕೂ ಬಲಕ್ಕೂ ಆಡುತ್ತಿರುತ್ತದೆ; ಬಲಗಾಲು ಮುಂದೆ ಬರುವಾಗ ತುದಿ ಎಡಕ್ಕಿರುತ್ತದೆ, ಎಡಗಾಲು ಬರುವಾಗ ಬಲಕ್ಕೆ. ಮುಂದಿನ ಹೆಜ್ಜೆ ಊರುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ನೆಲ ಸಿಮೆಂಟೋ ಮಣ್ಣೋ, ಎಲ್ಲಿ ಅಂಚು ಇಳಿಯುತ್ತದೆ ಎಂಬುದೆಲ್ಲ ತುದಿಯ ಸದ್ದು ಮತ್ತು ಕೈಗೆ ಬರುವ ಕಂಪನದಿಂದ ತಿಳಿಯುತ್ತದೆ. ಇದರ ಜೊತೆಗೆ ಕಿವಿ ಸದಾ ಕೆಲಸ ಮಾಡುತ್ತಿರುತ್ತದೆ: ವಾಹನ ಯಾವ ದಿಕ್ಕಿನಿಂದ ಬರುತ್ತಿದೆ, ಪಕ್ಕದಲ್ಲಿ ಗೋಡೆ ಮುಗಿದು ಬಯಲು ಶುರುವಾಯಿತೇ ಎಂಬುದನ್ನು ಅದು ಹೇಳುತ್ತದೆ. ನಿಮ್ಮ ಕೋಲಿನ ಬೀಪ್ ಸದ್ದು ಈ ಮಾಹಿತಿಯನ್ನೆಲ್ಲ ಮುಚ್ಚಿಹಾಕಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹಿಡಿಯ ಬಳಿ ಬ್ಯಾಟರಿ ಸೇರಿಸಿದಾಗ ಹೆಚ್ಚುವ ತೂಕ ಮಣಿಕಟ್ಟಿಗೆ ಆಯಾಸ ತರುತ್ತದೆ, ಕಂಪಿಸುವ ಮೋಟಾರನ್ನು ಅದೇ ಹಿಡಿಯಲ್ಲಿಟ್ಟರೆ ನೆಲದಿಂದ ಬರುವ ಸೂಕ್ಷ್ಮ ಕಂಪನದೊಂದಿಗೆ ಅದು ಕಲಸಿಹೋಗುತ್ತದೆ. ಹಾಗೆಂದು ನಿಮ್ಮ ಯೋಚನೆ ವ್ಯರ್ಥವಲ್ಲ. ಸಾಮಾನ್ಯ ಕೋಲಿಗೆ ಸೊಂಟದಿಂದ ಮೇಲಿರುವ ಅಡ್ಡಿಗಳು, ಅಂದರೆ ಬಾಗಿದ ಕೊಂಬೆ, ಗೋಡೆಯಿಂದ ಹೊರಚಾಚಿದ ಫಲಕ, ನಿಂತ ಲಾರಿಯ ಹಿಂಬದಿಯ ಅಂಚು, ಸಿಗುವುದಿಲ್ಲ. ಮುಖಕ್ಕೆ ಪೆಟ್ಟಾಗುವುದು ಇಂತಹವುಗಳಿಂದಲೇ. ನಿಮ್ಮ ಸಾಧನ ಅದೊಂದನ್ನು ಮಾತ್ರ ನಂಬಿಕೆಗೆ ಅರ್ಹವಾಗಿ ಮಾಡಿದರೂ ಸಾಕು. ಈ ದಾರಿಯಲ್ಲಿ ಹಿಂದೆ ಆಗಿರುವ ಕೆಲಸ ಬಹಳಷ್ಟಿದೆ, ಅದನ್ನು ಓದದೆ ಮುಂದುವರಿಯಬೇಡಿ.

ಸಹಾಯಕ ಸಾಧನಗಳನ್ನು ಜನ ಏಕೆ ಮೂಲೆಗಿಡುತ್ತಾರೆಂಬ ಬಗ್ಗೆ 1993ರಲ್ಲಿ ಪ್ರಕಟವಾದ ಫಿಲಿಪ್ಸ್ ಮತ್ತು ಜಾವೋ ಅವರ ಅಧ್ಯಯನವನ್ನು ನೀವು ಓದಲೇಬೇಕು. ಅವರು ವಿಚಾರಿಸಿದ ಸಾಧನಗಳಲ್ಲಿ ಶೇ 29.3ರಷ್ಟು ಪೂರ್ತಿ ಬಳಕೆ ತಪ್ಪಿದ್ದವು. ಆಯ್ಕೆಯ ವೇಳೆ ಬಳಸುವವರ ಅಭಿಪ್ರಾಯವನ್ನು ಪರಿಗಣಿಸದಿರುವುದು, ಸಾಧನ ಸುಲಭವಾಗಿ ಕೈಸೇರಿರುವುದು, ಅದರ ಕಾರ್ಯಕ್ಷಮತೆ ಸಾಲದಿರುವುದು, ಬಳಸುವವರ ಅಗತ್ಯಗಳೇ ಬದಲಾಗಿರುವುದು, ಇವು ಅಲ್ಲಿ ಕಂಡುಬಂದ ನಾಲ್ಕು ಕಾರಣಗಳು. ಹೊಸ ಸಾಧನಗಳ ಕೊರತೆಗಿಂತ ಇರುವ ಸಾಧನಗಳು ತಲುಪದಿರುವುದು ದೊಡ್ಡ ಸಮಸ್ಯೆ ಎಂಬುದನ್ನೂ ಗಮನಿಸಿ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿಯ ಪ್ರಕಾರ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕ, ಶ್ರವಣಯಂತ್ರ, ಗಾಲಿಕುರ್ಚಿಯಂತಹ ಒಂದಾದರೂ ಸಾಧನ ಬೇಕಾಗಿದೆ.

ಮುಂದಿನ ಹೆಜ್ಜೆಯೆಂದರೆ, ಕೋಲು ಬಳಸುವ ಇಬ್ಬರು ಮೂವರನ್ನು ಪರೀಕ್ಷೆಗೆ ಒಳಪಡುವವರಾಗಿ ಮಾತ್ರವಲ್ಲ, ವಿನ್ಯಾಸದ ತಂಡದ ಸದಸ್ಯರನ್ನಾಗಿಯೇ ಕರೆದುಕೊಳ್ಳಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಪ್ರಯೋಗಾಲಯದ ಕಾರಿಡಾರು ಬಿಟ್ಟು ಅವರು ದಿನವೂ ಹೋಗುವ ದಾರಿಯಲ್ಲಿ ಪರೀಕ್ಷಿಸಿ. ಕೆಲವು ವಾರಗಳ ನಂತರವೂ ಕೋಲು ಬಳಕೆಯಲ್ಲಿದೆಯೇ ಎಂದು ವಿಚಾರಿಸಿ ಆ ಉತ್ತರವನ್ನು, ಅದು ‘ಇಲ್ಲ’ ಎಂದಾದರೂ, ಪ್ರಬಂಧದಲ್ಲಿ ಬರೆಯಿರಿ.

ಪ್ರಶ್ನೆ: ನನ್ನ ಮಗನಿಗೆ ಹದಿನೇಳು ವರ್ಷ. ಸೆರೆಬ್ರಲ್ ಪಾಲ್ಸಿಯಿಂದ ಮಾತು ಬರುವುದಿಲ್ಲ, ಆದರೆ ಚಿತ್ರಫಲಕ ತೋರಿಸಿ ತನಗೆ ಬೇಕಾದ್ದನ್ನು ಹೇಳುತ್ತಾನೆ. ಸಂಶೋಧನೆಗೆಂದು ಬಂದ ವಿದ್ಯಾರ್ಥಿಗಳು ಅವನ ಎದುರಿಗೇ ಎಲ್ಲವನ್ನೂ ನನ್ನನ್ನೇ ಕೇಳಿ ಬರೆದುಕೊಂಡು ಹೋದರು. ಅವನ ಮುಖವನ್ನೂ ನೋಡಲಿಲ್ಲ. ಆಮೇಲೆ ಏನಾಯಿತೆಂದು ಯಾರೂ ತಿಳಿಸಲಿಲ್ಲ. ಇನ್ನೊಂದು ತಂಡ ಬರುತ್ತೇವೆ ಎಂದಿದೆ. ಒಪ್ಪಬೇಕೇ, ಬೇಡವೇ?

ಉತ್ತರ: ತಾಯಿ, ನಿಮಗಾದ ನೋವು ನ್ಯಾಯವಾದದ್ದು, ಅದನ್ನು ಬರೆದು ತಿಳಿಸಿದ್ದಕ್ಕೆ ಸಂಶೋಧನೆ ಮಾಡಿಸುವವರೆಲ್ಲರೂ ನಿಮಗೆ ಕೃತಜ್ಞರಾಗಿರಬೇಕು. ಒಪ್ಪುವುದೂ ಬಿಡುವುದೂ ನಿಮ್ಮ ಮತ್ತು ನಿಮ್ಮ ಮಗನ ಹಕ್ಕು. ಒಪ್ಪದಿದ್ದರೆ ಅವನ ಚಿಕಿತ್ಸೆಗಾಗಲಿ ಶಿಕ್ಷಣಕ್ಕಾಗಲಿ ಯಾವ ತೊಂದರೆಯೂ ಆಗಬಾರದು. ಒಪ್ಪಿದ ಮೇಲೂ ನಡುವೆ ಬೇಡವೆನಿಸಿದರೆ ಕಾರಣ ಹೇಳದೆ ನಿಲ್ಲಿಸಬಹುದು. ಈ ನಿಯಮಗಳು ಸುಮ್ಮನೆ ಬಂದವಲ್ಲ. ಅಮೆರಿಕದ ವಿಲ್ಲೋಬ್ರೂಕ್ ಎಂಬಲ್ಲಿ ಬೌದ್ಧಿಕ ಅಂಗವೈಕಲ್ಯ ಇದ್ದ ಮಕ್ಕಳ ವಸತಿ ಸಂಸ್ಥೆಯಲ್ಲಿ 1950ರ ದಶಕದಿಂದ ಮುಂದೆ ಸಂಶೋಧನೆಯ ಹೆಸರಿನಲ್ಲಿ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ಎಂಬ ಯಕೃತ್ತಿನ ಸೋಂಕು ತಗುಲಿಸಲಾಗಿತ್ತು. ಅಂತಹ ಪ್ರಕರಣಗಳ ವಿರುದ್ಧ ಎದ್ದ ಆಕ್ರೋಶದ ಹಿನ್ನೆಲೆಯಲ್ಲಿಯೇ ಸಂಶೋಧನಾ ನೈತಿಕತೆಯ ನಿಯಮಗಳು ಬಿಗಿಯಾದವು.

ನಿಮ್ಮ ಮಗನ ಪರವಾಗಿ ನೀವು ಕೊಡುವ ಉತ್ತರಕ್ಕೆ ಬೆಲೆಯಿದೆ, ಆದರೆ ಅದು ಅವನ ಉತ್ತರವಲ್ಲ. ಮಕ್ಕಳು ತಾವೇ ಹೇಳಿದ ಜೀವನ ಗುಣಮಟ್ಟವನ್ನು ತಂದೆತಾಯಿ ಹೇಳಿದ್ದರೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ಇವೆರಡರ ನಡುವೆ ವ್ಯತ್ಯಾಸ ಮತ್ತೆ ಮತ್ತೆ ಕಂಡುಬಂದಿದೆ. ನೋವು, ಸ್ನೇಹ, ಬೇಸರ ಇಂತಹ ಹೊರಗೆ ಕಾಣದ ಸಂಗತಿಗಳಲ್ಲಿ, ಎಷ್ಟೇ ಪ್ರೀತಿಯಿಂದ ನೋಡಿಕೊಳ್ಳುವ ತಾಯಿಗೂ ಎಲ್ಲವೂ ತಿಳಿದಿರುವುದಿಲ್ಲ. ಹದಿನೇಳರ ಹುಡುಗನಿಗೆ ತಾಯಿಯ ಮುಂದೆ ಹೇಳಲು ಇಷ್ಟವಿಲ್ಲದ ಮಾತುಗಳೂ ಇರುತ್ತವೆ.

ಆದ್ದರಿಂದ ಬರಲಿರುವ ತಂಡದವರನ್ನು ಮುಂಚಿತವಾಗಿ ಕೇಳಿ: ನನ್ನ ಮಗನಿಗೆ ಈ ಸಂಶೋಧನೆಯನ್ನು ಚಿತ್ರಗಳ ಮೂಲಕ, ಸರಳವಾದ ಮಾತುಗಳಲ್ಲಿ ವಿವರಿಸಿ ಅವನ ಸಮ್ಮತಿ ಪಡೆಯುತ್ತೀರಾ? ಅವನ ಫಲಕದಲ್ಲಿ ಇಲ್ಲದ ಪದಗಳು, ಮುಖ್ಯವಾಗಿ ‘ಬೇಡ’, ‘ಗೊತ್ತಿಲ್ಲ’, ‘ಪ್ರಶ್ನೆ ಅರ್ಥವಾಗಲಿಲ್ಲ’, ‘ನಿಲ್ಲಿಸಿ’ ಎಂಬವು, ಸೇರಿಸಿಕೊಂಡು ಬರುತ್ತೀರಾ? ಒಂದು ಉತ್ತರಕ್ಕೆ ಎರಡು ಮೂರು ನಿಮಿಷ ಕಾಯುವ ವ್ಯವಧಾನ ಇದೆಯೇ, ಆಯಾಸವಾದರೆ ಇನ್ನೊಂದು ದಿನ ಬರುತ್ತೀರಾ? ನಿಮಗೆ ತಿಳಿದುಬಂದದ್ದನ್ನು ನಮಗೆ ಯಾವಾಗ, ಹೇಗೆ ತಿಳಿಸುತ್ತೀರಿ? ಇವುಗಳಿಗೆ ಸಮಾಧಾನಕರವಾದ ಉತ್ತರ ಬಂದರೆ, ಮತ್ತು ನಿಮ್ಮ ಮಗ ಒಪ್ಪಿದರೆ, ಅವರನ್ನು ಬರಮಾಡಿಕೊಳ್ಳಿ. ತಡವರಿಸಿದರೆ ಬೇಡವೆನ್ನಲು ಸಂಕೋಚಪಡಬೇಡಿ.

ಪ್ರಶ್ನೆ: ಪಾರ್ಶ್ವವಾಯು ಆದವರು ಒಂದೇ ಕೈಯಿಂದ ಬಟ್ಟೆ ತೊಡುವ ತರಬೇತಿಯ ಬಗ್ಗೆ ಅಧ್ಯಯನ ಮಾಡುತ್ತಿದ್ದೇನೆ. ನನಗೆ ಸಿಕ್ಕಿರುವವರು ನಾಲ್ಕೇ ಮಂದಿ. ಇಷ್ಟು ಚಿಕ್ಕ ಮಾದರಿಯಿಂದ ಪ್ರಬಂಧ ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ನೂರು ಜನರ ಅಧ್ಯಯನದ ವಿಧಾನವನ್ನು ನಾಲ್ವರ ಮೇಲೆ ಹೇರಬಾರದು. ಸರಾಸರಿ ತೆಗೆದು, ತರಬೇತಿಗೆ ಮೊದಲು ಇಷ್ಟು, ನಂತರ ಇಷ್ಟು ಎಂದು ಹೇಳಿದರೆ ಅದು ನಿಲ್ಲುವುದಿಲ್ಲ. ನಿಮಗೆ ಒಪ್ಪುವುದು ಏಕವ್ಯಕ್ತಿ ಪ್ರಯೋಗ ವಿನ್ಯಾಸ. ಇದರಲ್ಲಿ ಒಬ್ಬೊಬ್ಬರನ್ನೂ ಅವರ ಹಿಂದಿನ ಸ್ಥಿತಿಯೊಂದಿಗೇ ಹೋಲಿಸಲಾಗುತ್ತದೆ. ಅಂಗಿ ತೊಡಲು ಬೇಕಾಗುವ ಸಮಯವನ್ನು, ಎಷ್ಟು ಸಲ ನೆರವು ಬೇಕಾಯಿತು ಎಂಬುದನ್ನು ತರಬೇತಿಗೆ ಮೊದಲು ಹಲವು ದಿನ ಅಳೆಯಿರಿ; ಒಂದು ಹಂತಕ್ಕೆ ಕನಿಷ್ಠ 5 ಅಳತೆಗಳಿರಲಿ. ಒಮ್ಮೆ ಕಲಿತದ್ದನ್ನು ಮರೆಸಲಾಗದ್ದರಿಂದ ತರಬೇತಿ ಕೊಟ್ಟು, ಹಿಂತೆಗೆದು, ಮತ್ತೆ ಕೊಡುವ ಕ್ರಮ ಇಲ್ಲಿ ಹೊಂದುವುದಿಲ್ಲ. ಬದಲಿಗೆ ನಾಲ್ವರಿಗೂ ಬೇರೆ ಬೇರೆ ದಿನಗಳಲ್ಲಿ ತರಬೇತಿ ಆರಂಭಿಸಿ. ಪ್ರತಿಯೊಬ್ಬರಲ್ಲೂ ಸುಧಾರಣೆ ಅವರವರ ತರಬೇತಿ ಶುರುವಾದ ಮೇಲೆಯೇ ಕಾಣಿಸಿಕೊಂಡರೆ, ಅದು ತಾನಾಗಿ ಆದ ಚೇತರಿಕೆಯಲ್ಲವೆಂದು ಹೇಳಲು ಬಲವಾದ ಆಧಾರ ಸಿಗುತ್ತದೆ. ಪಾರ್ಶ್ವವಾಯುವಿನ ನಂತರದ ಮೊದಲ ಕೆಲವು ತಿಂಗಳಲ್ಲಿ ತಾನಾಗಿ ಆಗುವ ಚೇತರಿಕೆ ಹೆಚ್ಚು, ಹಾಗಾಗಿ ನಿಮ್ಮ ವಿಷಯದಲ್ಲಿ ಈ ಎಚ್ಚರ ಬಹು ಮುಖ್ಯ.

ಜೊತೆಗೆ, ತಮಗೆ ಯಾವ ಕೆಲಸ ಮುಖ್ಯವೆಂದು ಅವರೇ ಹೆಸರಿಸಿ, ಅದನ್ನು ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಿಂದ ಎಷ್ಟು ತೃಪ್ತಿಯಿದೆ ಎಂದು 1ರಿಂದ 10ರವರೆಗೆ ಅಂಕ ಕೊಡುವ ಕೆನಡಾ ಮೂಲದ ಅಳತೆಯೊಂದು ವೃತ್ತಿ ಚಿಕಿತ್ಸೆಯಲ್ಲಿ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಬಳಕೆಯಲ್ಲಿದೆ, ಅದನ್ನೂ ಸೇರಿಸಿಕೊಳ್ಳಿ. ಅದರಲ್ಲಿ ಎರಡು ಅಂಕ ಅಥವಾ ಹೆಚ್ಚಿನ ಏರಿಕೆಯನ್ನು ಅರ್ಥಪೂರ್ಣವೆಂದು ಪರಿಗಣಿಸುವುದು ರೂಢಿ. ನಾಲ್ವರಲ್ಲಿ ಒಬ್ಬರು, ‘ಬಟ್ಟೆ ತೊಡಲು ಮನೆಯವರು ನೆರವಾದರೆ ನನಗೆ ಬೇಸರವಿಲ್ಲ, ಆ ಶಕ್ತಿಯನ್ನು ಓದಿಗೆ ಉಳಿಸಿಕೊಳ್ಳುತ್ತೇನೆ’ ಎಂದರೆ ಅದನ್ನು ಒಪ್ಪಿಕೊಳ್ಳುವ ಮನಸ್ಸೂ ಇರಲಿ.

ಪ್ರಶ್ನೆ: ನನಗೆ ದೃಷ್ಟಿಯಿಲ್ಲ. ಪರದೆಯ ಮೇಲಿನ ಪಠ್ಯವನ್ನು ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸಿ ಪದವಿ ಮುಗಿಸಿದ್ದೇನೆ. ಅಂಗವೈಕಲ್ಯದ ಬಗ್ಗೆಯೇ ಸಂಶೋಧನೆ ಮಾಡುವ ಆಸೆಯಿದೆ, ಆದರೆ ‘ಸ್ವಂತ ಅನುಭವ ಇರುವುದರಿಂದ ಪಕ್ಷಪಾತ ಬರುತ್ತದೆ’ ಎಂದು ಒಬ್ಬರು ಹೇಳಿದರು. ಅಂಕಿ-ಅಂಶದ ಕೆಲಸ ನನ್ನಿಂದ ಆದೀತೇ ಎಂಬ ಅಳುಕೂ ಇದೆ.

ಉತ್ತರ: ಪಕ್ಷಪಾತದ ಮಾತಿಗೆ ನೀವು ಕುಗ್ಗಬೇಕಾಗಿಲ್ಲ. ದೃಷ್ಟಿ ಇರುವ ಸಂಶೋಧಕನೂ ತನ್ನ ಊಹೆಗಳನ್ನು ಹೊತ್ತುಕೊಂಡೇ ಬರುತ್ತಾನೆ. ತನ್ನ ನಿಲುವು ಎಲ್ಲಿಂದ ಬಂದಿದೆ ಎಂಬುದನ್ನು ಬರೆದು ತಿಳಿಸುವ ಹೊಣೆ ಇಬ್ಬರಿಗೂ ಸಮಾನ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿ 2008ರಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿ, ಉನ್ನತ ಶಿಕ್ಷಣದಲ್ಲಿ ತಾರತಮ್ಯವಿಲ್ಲದೆ, ಸೂಕ್ತ ಹೊಂದಾಣಿಕೆಗಳೊಂದಿಗೆ ಅವಕಾಶ ಸಿಗಬೇಕೆನ್ನುತ್ತದೆ. ಹೊಂದಾಣಿಕೆಯನ್ನು ಕೇಳುವಾಗ ಅದು ಉಪಕಾರವೆಂಬ ಭಾವನೆ ಬೇಡ, ಪ್ರವೇಶದ ಹಂತದಲ್ಲೇ ಲಿಖಿತವಾಗಿ ಕೇಳಿ.

ಅಂಕಿ-ಅಂಶದ ಕೆಲಸಕ್ಕೆ, ಮೌಸ್ ಹಿಡಿದು ಮೆನು ಹುಡುಕಬೇಕಾದ ತಂತ್ರಾಂಶಗಳಿಗಿಂತ ಆಜ್ಞೆಗಳನ್ನು ಟೈಪಿಸಿ ನಡೆಸುವ ‘ಆರ್’ ನಂತಹವು ಸ್ಕ್ರೀನ್ ರೀಡರ್‌ಗೆ ಹೆಚ್ಚು ಹೊಂದುತ್ತವೆ. ಅದು ಉಚಿತವಾಗಿಯೂ ಸಿಗುತ್ತದೆ. ಅದರಲ್ಲಿ ಗ್ರಾಫ್‌ಗಳ ಹೂರಣವನ್ನು ಪಠ್ಯವಾಗಿ ವಿವರಿಸುವ ‘ಬ್ರೈಲ್‌ಆರ್’ ಎಂಬ ಪ್ಯಾಕೇಜ್ ಕೂಡ ಇದೆ. ನಿಜವಾದ ತೊಡಕು ಬರುವುದು ಹಳೆಯ ಪುಸ್ತಕ, ಲೇಖನಗಳ ಸ್ಕ್ಯಾನ್ ಪ್ರತಿಗಳಿಂದ, ಏಕೆಂದರೆ ಪುಟದ ಬರೀ ಚಿತ್ರವನ್ನು ಸ್ಕ್ರೀನ್ ರೀಡರ್ ಓದಲಾರದು. ಅಂಥವನ್ನು ಪಠ್ಯಕ್ಕೆ ಪರಿವರ್ತಿಸಿ, ಕೋಷ್ಟಕಗಳನ್ನು ಸರಿಪಡಿಸಿ ಕೊಡುವ ಏರ್ಪಾಡು ನಿಮ್ಮ ಗ್ರಂಥಾಲಯದಲ್ಲಿ ಇದೆಯೇ, ಒಂದು ಲೇಖನಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ನೋಂದಣಿಗೆ ಮೊದಲೇ ವಿಚಾರಿಸಿ, ಆ ದಿನಗಳನ್ನು ನಿಮ್ಮ ಕಾಲಪಟ್ಟಿಯಲ್ಲಿ ಸೇರಿಸಿಕೊಳ್ಳಿ.